ತಿಂಗಳಿಗೊಮ್ಮೆ ಬರುವ ದುಡ್ಡು

ರಾಯದುರ್ಗದ ಜೀನ್ಸ್ ಹೊಲಿಗೆಯವರಿಗೆ ಕೆಲಸ ಇದ್ದಾಗ ಕೂಲಿ. ಮಡಕಶಿರಾ ಕಡೆಯ ರೈತರಿಗೆ ಹುಣಸೆಹಣ್ಣು, ರೇಷ್ಮೆಗೂಡು ಮಾರಿದಾಗ ದುಡ್ಡು. ಮನೆ ಬಾಡಿಗೆ, ಬಿ.ಪಿ. ಮಾತ್ರೆ, ಕರೆಂಟ್ ಬಿಲ್ಲು ಮಾತ್ರ ತಿಂಗಳು ತಪ್ಪುವುದಿಲ್ಲ.

ಇಂಥ ಮನೆಗಳಿಗೆ ಮೊದಲ ಆಸರೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ. 7.4ಕ್ಕೆ ಏರಿತು, ಒಬ್ಬರ ಖಾತೆಯ ಮಿತಿ 9 ಲಕ್ಷ, ಜಂಟಿ ಖಾತೆಯದು 15 ಲಕ್ಷ ರೂಪಾಯಿ ಆಯಿತು. ಆ ದರದಲ್ಲಿ 3 ಲಕ್ಷ ಇಟ್ಟರೆ ತಿಂಗಳಿಗೆ 1,850 ರೂಪಾಯಿ. ಅವಧಿ 5 ವರ್ಷ. ಮೊದಲ ವರ್ಷ ಹಣ ತೆಗೆಯುವಂತಿಲ್ಲ. ಮೂರು ವರ್ಷದೊಳಗೆ ತೆಗೆದರೆ ಅಸಲಿನಲ್ಲಿ ಶೇ. 2 ಕಡಿತ.

ಮ್ಯೂಚುವಲ್ ಫಂಡ್‌ಗಳ ಲೆಕ್ಕ ಬೇರೆ. ಅಲ್ಲಿ ತಿಂಗಳ ಆದಾಯಕ್ಕೆ ಖಾತರಿಯಿಲ್ಲ. ಡಿವಿಡೆಂಡ್ ಎಂದು ಕೈಗೆ ಬಂದದ್ದರಲ್ಲಿ ಹೂಡಿದವರ ಅಸಲೂ ಸೇರಿರಬಹುದು. ಅದಕ್ಕೇ ಮಾರುಕಟ್ಟೆ ನಿಯಂತ್ರಕ ಸೆಬಿ 2021ರ ಏಪ್ರಿಲ್‌ನಿಂದ ಫಂಡ್‌ಗಳ ಡಿವಿಡೆಂಡ್ ಆಯ್ಕೆಯ ಹೆಸರನ್ನೇ ಬದಲಿಸಿ, ಬಂಡವಾಳ ವಾಪಸಾತಿಯನ್ನೂ ಹೆಸರಿನೊಳಗೆ ಸೇರಿಸಿತು.

ಆರು ತಿಂಗಳ ಖರ್ಚಿನ ಹಣ ಬ್ಯಾಂಕಿನಲ್ಲಿರಲಿ, ತಿಂಗಳಿಗೆ ಬೇಕಾದ ಭಾಗ ಅಂಚೆಯಲ್ಲಿರಲಿ. ಮಿಕ್ಕಿದ್ದಷ್ಟೇ ಫಂಡಿಗೆ ಹೋಗಲಿ. ಸಹಿ ಹಾಕುವ ಮುನ್ನ ಕಾಗದವನ್ನು ಮನೆಯ ಓದಿದ ಮಕ್ಕಳಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ.