ಆಲ್ಟೋ ಹಾಡುವವರು

ಸ್ಟುಟ್‌ಗಾರ್ಟಿನ ಲುಥೆರನ್ ಚರ್ಚಿಗೆ ಹೋದರೆ ಬಾಗಿಲಲ್ಲೇ ಕೀರ್ತನೆ ಪುಸ್ತಕಗಳ ಸಾಲು ಇರುತ್ತದೆ. ಒಂದನ್ನು ಎತ್ತಿಕೊಂಡು ಒಳಗೆ ಹೋಗಬೇಕು. ಗೋಡೆಯ ಹಲಗೆಯಲ್ಲಿ ಅಂದಿನ ಕೀರ್ತನೆಗಳ ನಂಬರುಗಳು. 362 ಎಂದಿದ್ದರೆ ಲೂಥರನ 'ಐನ್ ಫೆಸ್ಟೆ ಬುರ್ಗ್'. ಜರ್ಮನ್ ನನಗೆ ಅಷ್ಟಕ್ಕಷ್ಟೆ, ಆದರೆ ಅಂಕಿ ಓದಲು ಬರುತ್ತದಲ್ಲ! ಆರ್ಗನ್ ಪೀಠಿಕೆಯ ನಾಲ್ಕು ಸ್ವರ ನುಡಿಸುವಷ್ಟರಲ್ಲಿ ರಾಗದ ಗುರುತು ಸಿಕ್ಕಿಬಿಡುತ್ತದೆ. ಮಂಗಳೂರಿನಲ್ಲಿ ಕನ್ನಡದಲ್ಲೇ ಹಾಡಿ ಬೆಳೆದ ರಾಗ ಅದು.

ಲುಥೆರನ್ ಆರಾಧನೆ ಎಲ್ಲೆಡೆ ಒಂದೇ ಥರ ಇರುವುದಿಲ್ಲ. ಸ್ವೀಡನ್ನಿನಲ್ಲಿ ಅಯ್ಯನವರು ಕಸೂತಿಯ ಮೇಲಂಗಿ ತೊಟ್ಟು ಪ್ರಾರ್ಥನೆಗಳನ್ನೂ ರಾಗವಾಗಿ ಹಾಡುವುದುಂಟು. ಸ್ಟುಟ್‌ಗಾರ್ಟ್ ಇರುವ ವುರ್ಟೆಂಬರ್ಗ್ ಸೀಮೆಯದು ಸಪ್ಪೆ ಸಂಪ್ರದಾಯ: ಕಪ್ಪು ನಿಲುವಂಗಿ, ಉದ್ದನೆಯ ಪ್ರಸಂಗ, ನಡುನಡುವೆ ಕೀರ್ತನೆ. ಹಾಡುವಾಗ ಜನ ಕೂತೇ ಇರುತ್ತಾರೆ. ನನಗೆ ಈ ಸಪ್ಪೆಯೇ ಇಷ್ಟ. ನೋಡಲು ಬೇರೇನೂ ಇಲ್ಲದ್ದರಿಂದ ಆರಾಧನೆಯ ಭಾರವೆಲ್ಲ ಹಾಡುವವರ ಮೇಲೆ ಬೀಳುತ್ತದೆ. ಲೂಥರನಿಗೆ ಬೇಕಿದ್ದದ್ದೂ ಅದೇ. 1524ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಮೊದಲ ಲುಥೆರನ್ ಕೀರ್ತನೆ ಪುಸ್ತಕದಲ್ಲಿ ಇದ್ದದ್ದು ಎಂಟೇ ಹಾಡು, ಅದರಲ್ಲಿ ನಾಲ್ಕು ಅವನವು.

ರಾಗಗಳ ವಿಷಯದಲ್ಲಿ ಆ ಕಾಲದವರು ಮಡಿವಂತರಾಗಿರಲಿಲ್ಲ. ಹಾಸ್ಲರ್ ಎಂಬ ಸಂಗೀತಗಾರ 1601ರಲ್ಲಿ ಪ್ರಕಟಿಸಿದ್ದ ಒಂದು ಪ್ರೇಮಗೀತೆಯ ಧಾಟಿಗೇ ಮುಂದೆ ಪೌಲ್ ಗೆರ್ಹಾರ್ಟ್ ಬರೆದ ಶುಭ ಶುಕ್ರವಾರದ ಕೀರ್ತನೆ ಕೂತಿತು. ಬಾಖ್ ತನ್ನ 'ಮತ್ತಾಯ ಪ್ಯಾಶನ್'ನಲ್ಲಿ ಮತ್ತೆ ಮತ್ತೆ ಅದನ್ನೇ ತಂದ. ಸಿನಿಮಾ ಧಾಟಿಯ ಭಜನೆ ಕೇಳಿ ಮೂಗು ಮುರಿಯುವ ನಮ್ಮವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಮಿಷನ್ನು ಶುದ್ಧ ಲುಥೆರನ್ ಅಲ್ಲ, ರಿಫಾರ್ಮ್ಡ್ ಪಂಗಡದವರೂ ಕೂಡಿದ್ದರು. ಆದರೆ ಮೋಗ್ಲಿಂಗ್‌ನಂಥ ಎಷ್ಟೋ ಮಂದಿ ಇದೇ ವುರ್ಟೆಂಬರ್ಗಿನವರು. ಅವರೊಂದಿಗೆ ಈ ರಾಗಗಳು ಹಡಗಿನಲ್ಲಿ ಬಂದವು, ಮಾತು ಮಾತ್ರ ಇಲ್ಲಿ ಕನ್ನಡವಾಯಿತು. ಆ ರಾಗಗಳಿಗೆ ಲಘು ಗುರುಗಳ ಗೊಡವೆಯಿಲ್ಲ. ಪಾಪದ ಹ್ರಸ್ವಾಕ್ಷರ ಎರಡು ಮಾತ್ರೆ ಎಳೆಸಿಕೊಂಡು ಸುಸ್ತಾಗುತ್ತದೆ. ನಾಗವರ್ಮನ ಛಂದೋಗ್ರಂಥವನ್ನೇ ಸಂಪಾದಿಸಿದ ಅದೇ ಮಿಷನ್ನಿನ ಕಿಟ್ಟೆಲ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಅವನು 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದ. ಆದರೂ ನಮ್ಮ ಮನೆಗಳಲ್ಲಿ ಬಾಯಿಗೆ ಹತ್ತಿದ್ದು ಜರ್ಮನ್ ರಾಗವೇ.

ನನ್ನ ದೊಡ್ಡಮ್ಮ ನಾಲ್ಕು ದನಿಗಳ ಕ್ವಾಯರಿನಲ್ಲಿ ಆಲ್ಟೋ, ಅಂದರೆ ಹೆಂಗಸರ ಕೆಳದನಿ. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ತನ್ನ ಪಾಲಿನ ಸ್ವರವನ್ನಷ್ಟೇ ಹಾಡುತ್ತಿದ್ದಳು. ಅದು ಎರಡು ಮೂರು ಸ್ವರಗಳ ನಡುವೆಯೇ ಓಡಾಡುತ್ತಿತ್ತು, ಯಾವ ಕೀರ್ತನೆ ಎಂದೇ ತಿಳಿಯುತ್ತಿರಲಿಲ್ಲ. "ಇದೆಂಥದು ದೊಡ್ಡಮ್ಮ?" ಎಂದರೆ, "ಭಾನುವಾರ ಬಾ, ಉಳಿದದ್ದು ಅಲ್ಲಿ ಸಿಗ್ತದೆ" ಅನ್ನುತ್ತಿದ್ದಳು. ಭಾನುವಾರ ಸೊಪ್ರಾನೊ, ಟೆನರ್, ಬೇಸ್ ಸೇರಿದ ಮೇಲೆ ಅವಳ ಆ ಒಣ ಗುನುಗು ಎಲ್ಲಿ ಕೂರುತ್ತದೆ ಎಂದು ಗೊತ್ತಾಗುತ್ತಿತ್ತು.

ಈಗ ಬೆಂಗಳೂರಿನ ಎಷ್ಟೋ ಚರ್ಚುಗಳಲ್ಲಿ ಪುಸ್ತಕದ ಬದಲು ಪರದೆ ಬಂದಿದೆ. ಕನ್ನಡಕ ಮರೆತವರಿಗೆ ಅನುಕೂಲ, ಒಪ್ಪುತ್ತೇನೆ. ಆದರೆ ಪರದೆಯ ಮೇಲೆ ಸಾಹಿತ್ಯ ಮಾತ್ರ ಬರುತ್ತದೆ, ಸ್ವರಲಿಪಿ ಬರುವುದಿಲ್ಲ. ಆಲ್ಟೋದವರು ಏನು ನೋಡಿಕೊಂಡು ಹಾಡಬೇಕು?