ಪಾಪ್ಲೆಟ್ಟಿನ ಬಳಿ ಯಾವುದು?

ಬಂಗುಡೆಗೂ ಬಿಳಿ ಮಾಂಜಿಗೂ ನಂಟು ಎಂದರೆ ನಮ್ಮ ಮುಂಬಯಿಯ ಮೀನಿನ ಮಾರ್ಕೆಟಿನಲ್ಲಿ ಯಾರೂ ನಂಬಲಿಕ್ಕಿಲ್ಲ. ಒಂದು ದೋಣಿಯಂತೆ, ಇನ್ನೊಂದು ತಟ್ಟೆಯಂತೆ. ಬಿಳಿ ಮಾಂಜಿಯನ್ನೇ, ಅಂದರೆ ಇಲ್ಲಿನ ಪಾಪ್ಲೆಟ್ಟನ್ನೇ, ಹೋಲುವ ಕರಿ ಮಾಂಜಿ ಮಾತ್ರ ಬೇರೆ ಮನೆತನದ್ದು! ಬಂಗುಡೆ, ಅಂಜಲ್‌ಗಳ ಕುಟುಂಬಕ್ಕೆ ಬಿಳಿ ಮಾಂಜಿಯ ಕುಟುಂಬ ಹತ್ತಿರದ್ದೆಂದು 2013ರಲ್ಲಿ ತೋರಿಸಿದವರು ಜಪಾನಿನ ಮಸಾಕಿ ಮಿಯಾ ಮತ್ತು ಸಂಗಡಿಗರು. ಡೈನೋಸಾರ್‌ಗಳು ಅಳಿದ ಮೇಲೆ ಕಡಲಿನಲ್ಲಿ ತೆರವಾದ ಜಾಗಗಳಿಗೆ ಒಂದೇ ಮೂಲದವು ಬೇಗ ಬೇಗ ಹರಡಿದವು, ಹಾಗಾಗಿ ಮೈಮಾಟ ಇಷ್ಟು ಬೇರೆಯಾಯಿತು ಎಂಬುದು ಅವರ ವಿವರಣೆ.

ಅವರು ಓದಿದ್ದು ಮೈಟೊಕಾಂಡ್ರಿಯಾದ ಡಿಎನ್‌ಎ. ಮೀನುಗಳಲ್ಲಿ ಅದು ಸುಮಾರು 16,500 ಅಕ್ಷರಗಳ ಪುಟ್ಟ ಉಂಗುರ, 37 ಜೀನ್‌ಗಳು. ಸಾಮಾನ್ಯವಾಗಿ ತಾಯಿಯಿಂದಷ್ಟೇ ಬರುತ್ತದೆ. ಬೇರೆ ಬೇರೆ ಮೀನುಗಳ ಉಂಗುರಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಆದ ಬದಲಾವಣೆಗಳಿಂದ ನಂಟು ಹಿಡಿಯುತ್ತಾರೆ. ತಾಯಿಯ ಕಡೆಯ ಸಾಕ್ಷಿಯೊಂದೇ ಸಾಲದು ಎನ್ನುವವರಿದ್ದಾರೆ, ಸರಿಯೇ. ಆದರೆ ಕೋಶಕೇಂದ್ರದ ಜೀನ್‌ಗಳೂ ಮುಂದೆ ಈ ನಂಟನ್ನೇ ಹೇಳಿದವು.

ಅಳಿಯಸಂತಾನದ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಸತೆನಿಸಲಿಲ್ಲ. ನಮ್ಮ ಬಳಿಯೂ ಹೀಗೆಯೇ: ಮಗನಿಗೂ ಸಿಗುತ್ತದೆ, ಅವನ ಮಕ್ಕಳಿಗೆ ದಾಟುವುದಿಲ್ಲ. ಇಲ್ಲಿಯ ಶಾಲೆಯ ಅರ್ಜಿಯಲ್ಲಿ ಮಗಳ ಹೆಸರಿನ ನಡುವೆ ಅಪ್ಪನ ಹೆಸರು. ಬಳಿಗೆ ಕಾಲಮ್ಮೇ ಇಲ್ಲ. ಮೊನ್ನೆ ಬಂಗುಡೆ ಹುರಿಯುತ್ತ ಅವಳಿಗೆ ಇಷ್ಟನ್ನೂ ಹೇಳಿದೆ. "ಹಾಗಾದ್ರೆ ನನ್ನ ಮಕ್ಕಳಿಗೂ ನಿನ್ನದೇ ಅಲ್ವಾ ಅಮ್ಮ?" ಎಂದಳು.