ಗುಟ್ಟಿಗೊಂದು ಚಿಲಕ

ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಕರ್ಣನ ಜನ್ಮರಹಸ್ಯವನ್ನು ಕುಂತಿ ಮುಚ್ಚಿಟ್ಟಳೆಂದು ಸಿಟ್ಟಾದ ಧರ್ಮರಾಯ, ಇನ್ನು ಮುಂದೆ ಹೆಣ್ಣಿನಲ್ಲಿ ಗುಟ್ಟೇ ಉಳಿಯದಿರಲಿ ಎಂದು ಇಡೀ ಸ್ತ್ರೀಕುಲವನ್ನು ಶಪಿಸಿದನಂತೆ. ಆ ಶಾಪ ಫಲಿಸಿದ್ದನ್ನು ನಾನಂತೂ ಕಂಡಿಲ್ಲ. ನನ್ನ ಅಜ್ಜಿ ಸಾಸಿವೆ ಡಬ್ಬಿಯ ತಳದಲ್ಲಿ ದುಡ್ಡು ಕೂಡಿಟ್ಟು ಮಗಳ ಮದುವೆಗೆ ಎರಡೆಳೆ ಸರ ಮಾಡಿಸಿದ್ದು ತಾತನಿಗೆ ಗೊತ್ತಾದದ್ದು ಧಾರೆಯ ದಿನವೇ. ಗುಟ್ಟು ಕಾಯುವ ಶಕ್ತಿ ನಮಗಿತ್ತು; ಇಡಲು ಜಾಗ ಇರಲಿಲ್ಲ, ಅಷ್ಟೆ. ತುಂಬಿದ ಮನೆಯಲ್ಲಿ ತವರಿನ ಕಾಗದ ಕೂಡ ನಾಲ್ಕು ಜನ ಓದಿದ ಮೇಲೆಯೇ ಸೊಸೆಯ ಕೈಗೆ ಬರುತ್ತಿತ್ತು.

ಈಗ ಅಂಥದೊಂದು ಜಾಗ ಕಂಪ್ಯೂಟರಿನಲ್ಲಿ ಸಿಕ್ಕಿದೆ. ಮೂರು ವರ್ಷದ ಹಿಂದೆ ನನ್ನ ಎದೆಯಲ್ಲೊಂದು ಗಂಟು ಕೈಗೆ ತಾಗಿತು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಕೂತು ಹುಡುಕಿ ಹುಡುಕಿ ಓದಿದೆ. ಮಾರನೆಯ ದಿನ ಮನೆಯವರಿಗೆ ಹೇಳಿದೆ. ಪರೀಕ್ಷೆ ಮಾಡಿದ ಡಾಕ್ಟರಮ್ಮ ಹೆದರುವಂಥದ್ದೇನೂ ಅಲ್ಲ ಎಂದರು. ನನ್ನ ಭಯವನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬ ತೀರ್ಮಾನ ಆ ರಾತ್ರಿ ನನ್ನದಾಗಿತ್ತು. ಖಾಸಗಿತನ ಎಂದರೆ ಇದೇ ಅಲ್ಲವೇ?

ಆ ತೀರ್ಮಾನವನ್ನು ನಮ್ಮ ಕೈಯಿಂದ ಸದ್ದಿಲ್ಲದೆ ಕಸಿಯಬಲ್ಲ ಒಂದು ವಸ್ತುವಿದೆ. ಅದರ ಹೆಸರು ಎಕ್ಸ್‌ಟೆನ್ಷನ್. ಇಂಟರ್‌ನೆಟ್ ನೋಡಲು ಬಳಸುವ ಬ್ರೌಸರಿಗೆ ನಾವು ಅಂಟಿಸಿಕೊಳ್ಳುವ ಸಣ್ಣ ಉಪಕರಣ ಇದು. ಒಂದು ಜಾಹೀರಾತು ತಡೆಯುತ್ತದೆ, ಇನ್ನೊಂದು ಪದದ ಅರ್ಥ ಹೇಳುತ್ತದೆ, ಮತ್ತೊಂದು ಸೀರೆಗೆ ರಿಯಾಯಿತಿ ಹುಡುಕುತ್ತದೆ. ಹೆಚ್ಚಿನವು ಪುಕ್ಕಟೆ. ಸೇರಿಸಿಕೊಳ್ಳುವಾಗ ಹಲವು ಎಕ್ಸ್‌ಟೆನ್ಷನ್‌ಗಳು ಒಂದು ಅನುಮತಿ ಕೇಳುತ್ತವೆ: ನೀವು ನೋಡುವ ಎಲ್ಲ ತಾಣಗಳ ಮಾಹಿತಿಯನ್ನು ಓದಬಹುದೇ, ಬದಲಾಯಿಸಬಹುದೇ? ಎಲ್ಲ ತಾಣ ಎಂದರೆ ಬ್ಯಾಂಕೂ ಬಂತು, ಆಸ್ಪತ್ರೆಯ ವರದಿಯೂ ಬಂತು. ದಾರಿಯಲ್ಲಿ ಯಾರೂ ಓದದಂತೆ ಮೊಹರು ಹಾಕಿದ ಪತ್ರವನ್ನು ನಾವು ಮನೆಯಲ್ಲಿ ಒಡೆದು ಓದುವಾಗ, ಹೆಗಲ ಹಿಂದೆ ನಿಂತು ಇಣುಕಿದಂತೆ ಇದು.

ಹಾಗಾದರೆ ಎಲ್ಲವೂ ಕಳ್ಳರೇ? ಖಂಡಿತ ಅಲ್ಲ. ಜಾಹೀರಾತು ತಡೆಯುವ ಪ್ರಾಮಾಣಿಕ ಎಕ್ಸ್‌ಟೆನ್ಷನ್‌ಗೂ ಎಷ್ಟೋ ಸಲ ಪುಟವನ್ನು ಓದದೆ ಕೆಲಸ ಸಾಗದು. ತೊಂದರೆ ಬೇರೆ ಕಡೆ ಇದೆ. ಊರಿಗೆ ಹೋಗುವಾಗ ಗಿಡಕ್ಕೆ ನೀರು ಹಾಕಲೆಂದು ಪಕ್ಕದ ಮನೆಗೆ ಕೀಲಿಕೈ ಕೊಡುತ್ತೇವೆ. ಅವರು ಮನೆ ಮಾರಿ ಹೋದಾಗ ನಮ್ಮ ಕೀಲಿಯೂ ಕೊಂಡವರ ಕೈ ಸೇರಿದರೆ? 'ದಿ ಗ್ರೇಟ್ ಸಸ್ಪೆಂಡರ್' ಎಂಬುದರ ಕಥೆ ಹೀಗೆಯೇ ಆಯಿತು. ಕಂಪ್ಯೂಟರಿನ ಭಾರ ಇಳಿಸುವ ಈ ಎಕ್ಸ್‌ಟೆನ್ಷನ್ನನ್ನು ಸುಮಾರು 20 ಲಕ್ಷ ಜನ ನಂಬಿ ಬಳಸುತ್ತಿದ್ದರು. 2020ರಲ್ಲಿ ಅದನ್ನು ಮಾಡಿದಾತ ಬೇರೆಯವರಿಗೆ ಮಾರಿದ. ಅದರೊಳಗೆ ಕೇಡಿನ ಅಂಶ ಸೇರಿದೆ ಎಂದು 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. 2019ರಲ್ಲಿ ಬಯಲಿಗೆ ಬಂದ 'ಡೇಟಾಸ್ಪೈ' ಪ್ರಕರಣದಲ್ಲಂತೂ ಎಂಟು ಎಕ್ಸ್‌ಟೆನ್ಷನ್‌ಗಳ ಮೂಲಕ ಜನರ ತೆರಿಗೆ ಪತ್ರ, ಪ್ರಯಾಣದ ವಿವರ, ರೋಗಿಗಳ ಹೆಸರುಗಳೆಲ್ಲ ಸೋರಿಹೋಗಿದ್ದವು.

ಇದನ್ನೆಲ್ಲ ಹೇಳಿದರೆ ಪಕ್ಕದ ಮನೆಯಾಕೆ, "ನಮ್ಮಂಥೋರ ಹತ್ರ ಕದಿಯೋಕೆ ಏನಿದೆ ಬಿಡ್ರೀ" ಎಂದು ನಕ್ಕರು. ಖಾಸಗಿತನ ದೊಡ್ಡವರ ಸೊತ್ತು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಹಕ್ಕು ಸಾಸಿವೆ ಡಬ್ಬಿಯ ನನ್ನಜ್ಜಿಯಂಥವರಿಗೂ ಸೇರಿದ್ದು.

ಕೋರ್ಟು ಹಕ್ಕು ಕೊಟ್ಟೀತು. ಬಾಗಿಲು ಹಾಕಿಕೊಳ್ಳಬೇಕಾದವರು ನಾವೇ. ಹಬ್ಬಕ್ಕೆ ಮುಂಚೆ ಅಟ್ಟ ಗುಡಿಸುವಂತೆ ನಾನೀಗ ಬ್ರೌಸರನ್ನೂ ಗುಡಿಸುತ್ತೇನೆ. ಕ್ರೋಮ್‌ನಲ್ಲಿ ವಿಳಾಸದ ಪಟ್ಟಿಯ ಪಕ್ಕದಲ್ಲಿರುವ, ಮಕ್ಕಳ ಜೋಡಣೆ ಆಟದ ತುಂಡಿನಂಥ ಚಿತ್ರವನ್ನು ಒತ್ತಿದರೆ ಒಳಗೆ ಕೂತವರ ಪಟ್ಟಿ ಕಾಣುತ್ತದೆ. ಯಾರು ಕರೆದರೆಂದೇ ನೆನಪಿಲ್ಲದ್ದನ್ನು ಕಿತ್ತುಹಾಕುತ್ತೇನೆ. ಬೇಕೆನಿಸಿದ್ದಕ್ಕೆ ಎಲ್ಲ ತಾಣಗಳ ಬದಲು, ಒತ್ತಿದಾಗ ಮಾತ್ರ ಓದುವ ಅನುಮತಿ ಕೊಡುತ್ತೇನೆ. ಗಣಿತಕ್ಕೆ ನೆರವಾಗುವ ಕ್ಯಾಲ್ಕುಲೇಟರು ನನ್ನ ಎಲ್ಲ ಪುಟಗಳನ್ನು ನೋಡಬೇಕೆಂದರೆ ಅದಕ್ಕೆ ಹೊರಗಿನಿಂದಲೇ ನಮಸ್ಕಾರ.

ಮುಚ್ಚಿಡಲು ಏನಿದೆ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ: ಬಚ್ಚಲುಮನೆಗೆ ಚಿಲಕ ಹಾಕಿಕೊಳ್ಳುವವರೆಲ್ಲ ಒಳಗೆ ಕದ್ದ ಮಾಲು ಇಟ್ಟಿರುವುದಿಲ್ಲ.